ಎಲೆಕ್ಟ್ರಾನ್ ಕಳೆದುಕೊಂಡರೆ ಮೈನಸ್ ಆಗಬೇಕಲ್ವಾ? ಪ್ಲಸ್ ಯಾಕೆ?

ಶಿರಾದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ನಿನ್ನೆ ರಾತ್ರಿ ಊಟ ಆದ ಮೇಲೆ ಪರಮಾಣು ಪಾಠ ತೆಗೆದುಕೊಂಡು ಕೂತಿದ್ದಳು. ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಧನ ಅಯಾನು, ಅಂದರೆ ಪ್ಲಸ್ ಚಾರ್ಜಿನ ಕಣ, ಕ್ಲೋರಿನ್ ಒಂದು ಎಲೆಕ್ಟ್ರಾನ್ ಪಡೆದರೆ ಋಣ ಅಯಾನು, ಅಂದರೆ ಮೈನಸ್ ಚಾರ್ಜಿನ ಕಣ ಅಂತ ಇದೆ. "ಅಮ್ಮಾ, ಕೈಯಲ್ಲಿದ್ದದ್ದು ಹೋದರೆ ಮೈನಸ್, ಬಂದರೆ ಪ್ಲಸ್. ಇಲ್ಲಿ ಯಾಕೆ ಉಲ್ಟಾ?" ಅಂತ ಕೇಳಿದಳು. ನಾನು ಕಾಮರ್ಸ್ ಓದಿದವಳು, ನನಗೆ ಗೊತ್ತಾಗಲಿಲ್ಲ. ಶಾಲೆಯಲ್ಲಿ ಕೇಳಿದ್ದಕ್ಕೆ "ಹಾಗೇ ಬಾಯಿಪಾಠ ಮಾಡು" ಅಂದರಂತೆ. ಅದು ಅವಳಿಗೂ ಹಿಡಿಸಿಲ್ಲ, ನನಗೂ ಹಿಡಿಸಿಲ್ಲ. ಅವಳಿಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳಿಕೊಡ್ತೀರಾ?

ಕಾಫಿ ತೋಟ:
ಎಲೆಕ್ಟ್ರಾನೇ ಮೈನಸ್ ಮೇಡಂ. ಮೈನಸ್ ಹೋದರೆ ಪ್ಲಸ್. ಅಷ್ಟೇ.

ಶಿರಾದ ಅಮ್ಮ:
ಅದನ್ನು ಹೇಳಿ ನೋಡಿದೆ ಸರ್. "ಮೈನಸ್ ಹೋಯಿತು ಸರಿ, ಪ್ಲಸ್ ಎಲ್ಲಿಂದ ಬಂತು?" ಅಂದಳು.

ಡಿಪೋ ಹುಡುಗ:
ಎಲೆಕ್ಟ್ರಾನ್ ಹೋದ ಜಾಗಕ್ಕೆ ಒಂದು ಪ್ರೋಟಾನ್ ಬಂದು ಕೂರುತ್ತದೆ, ಅದಕ್ಕೇ ಪ್ಲಸ್. ನಮಗೆ ಟ್ಯೂಷನ್‌ನಲ್ಲಿ ಹೀಗೇ ಹೇಳಿದ್ದರು.

ಹಾಸನದ ಮೇಷ್ಟ್ರು:
ಇಲ್ಲಪ್ಪಾ, ಅದು ಪೂರ್ತಿ ತಪ್ಪು. ದಯವಿಟ್ಟು ಆ ಮಗುವಿಗೆ ಇದನ್ನು ಹೇಳಬೇಡಿ. ಪ್ರೋಟಾನ್ ಪರಮಾಣುವಿನ ನಡುವೆ ಇರುವ ಬೀಜಕೇಂದ್ರದ ಒಳಗೆ ಗಟ್ಟಿಯಾಗಿ ಕೂತಿರುತ್ತದೆ. ಒಲೆಯ ಮೇಲೆ, ಹೊಟ್ಟೆಯಲ್ಲಿ, ಪ್ರಯೋಗಾಲಯದ ಪ್ರನಾಳದಲ್ಲಿ ನಡೆಯುವ ಯಾವ ರಾಸಾಯನಿಕ ಕ್ರಿಯೆಯೂ ಅದರ ಲೆಕ್ಕ ಬದಲಾಯಿಸುವುದಿಲ್ಲ. ಸೋಡಿಯಂಗೆ 11 ಪ್ರೋಟಾನ್. ಇನ್ನೊಂದು ಸೇರಿ 12 ಆಯಿತು ಅಂದುಕೊಳ್ಳಿ, ಆಗ ಅದು ಸೋಡಿಯಂ ಅಲ್ಲವೇ ಅಲ್ಲ, ಮೆಗ್ನೀಸಿಯಂ.

ಅಮ್ಮಾ, ಅಡುಗೆಮನೆಗೆ ಹೋಗಿ 11 ಕಡಲೆಕಾಳು, 11 ಹುಣಸೆ ಬೀಜ ತನ್ನಿ. ಕಡಲೆ ಅಂದರೆ ಪ್ರೋಟಾನ್, ಅದು ಪ್ಲಸ್. ಹುಣಸೆ ಬೀಜ ಅಂದರೆ ಎಲೆಕ್ಟ್ರಾನ್, ಅದು ಮೈನಸ್. ಒಂದು ಕಡಲೆಯ ಪಕ್ಕ ಒಂದು ಬೀಜ ಇಟ್ಟು ಜೋಡಿ ಮಾಡಲಿ. ಎಲ್ಲಾ ಜೋಡಿ ಆದವು, ಯಾವುದೂ ಉಳಿಯಲಿಲ್ಲ. ಇದು ಸೋಡಿಯಂ ಪರಮಾಣು, ಆವೇಶ (ಚಾರ್ಜ್) ಸೊನ್ನೆ. ಈಗ ಒಂದು ಹುಣಸೆ ಬೀಜ ಎತ್ತಿ ಪಕ್ಕಕ್ಕಿಡಿ. ಒಂದು ಕಡಲೆ ಒಂಟಿಯಾಯಿತು. ಆ ಒಂಟಿ ಕಡಲೆಯೇ ಪ್ಲಸ್ 1. ಎಲ್ಲಿಂದ ಬಂತು ಅಂತ ಕೇಳಿದಳಲ್ಲ, ಎಲ್ಲಿಂದಲೂ ಬರಲಿಲ್ಲ. ಮೊದಲಿಂದಲೂ ಅಲ್ಲೇ ಇತ್ತು, ಜೋಡಿ ಇದ್ದದ್ದರಿಂದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎತ್ತಿಟ್ಟ ಬೀಜವನ್ನು 17 ಕಡಲೆ, 17 ಬೀಜದ ಇನ್ನೊಂದು ಗುಂಪಿಗೆ ಹಾಕಿ. ಅದು ಕ್ಲೋರಿನ್. ಅಲ್ಲಿ ಈಗ 18 ಬೀಜ, ಒಂದು ಬೀಜಕ್ಕೆ ಜೋಡಿ ಇಲ್ಲ. ಅದೇ ಮೈನಸ್ 1.

ಡಿಪೋ ಹುಡುಗ:
ಮೇಷ್ಟ್ರೇ, ಇಷ್ಟು ದಿನ ನಾನೂ ತಪ್ಪೇ ತಿಳಿದುಕೊಂಡಿದ್ದೆ. ಥ್ಯಾಂಕ್ಸ್.

ಸೊಸೈಟಿ ಲೆಕ್ಕದವ, ಶಿರಸಿ:
ಮೇಡಂ, ನೀವು ಕಾಮರ್ಸ್ ಅಂದಿರಲ್ಲ, ಹಾಗಾದರೆ ಇದು ನಿಮಗೇ ಎಲ್ಲರಿಗಿಂತ ಬೇಗ ಹೊಳೆಯಬೇಕು. ಉತ್ತರ ಆ ಪದದಲ್ಲೇ ಇದೆ. ಋಣ ಅಂದರೆ ಸಾಲ. ಧನ ಅಂದರೆ ದುಡ್ಡು. ಎಲೆಕ್ಟ್ರಾನ್‌ಗೆ ಇರುವುದು ಋಣ ಆವೇಶ, ಅಂದರೆ ಅದು ಒಂದು ರೂಪಾಯಿ ಸಾಲದ ಚೀಟಿ. ಸೋಡಿಯಂ ಹತ್ತಿರ 11 ರೂಪಾಯಿ ನಗದು, 11 ರೂಪಾಯಿ ಸಾಲ. ಒಟ್ಟು ಸೊನ್ನೆ. ಒಂದು ಸಾಲದ ಚೀಟಿ ಕೈಬಿಟ್ಟು ಹೋದರೆ ನಗದು 11, ಸಾಲ 10. ಒಂದು ರೂಪಾಯಿ ಧನ. ಋಣ ಹೋಗಿದ್ದಕ್ಕೆ ಧನ. ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಪಾಸಿಟಿವ್, ನೆಗೆಟಿವ್ ಅನ್ನೋದರಲ್ಲಿ ಈ ಸುಳಿವು ಸಿಗುವುದಿಲ್ಲ, ನಮ್ಮ ಮಕ್ಕಳಿಗೆ ಸಿಗುತ್ತದೆ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗೆ ಧನ, ಕಡಿಮೆಯದಕ್ಕೆ ಋಣ ಅಂತ ಹೆಸರಿಟ್ಟು ಕೂಡುವ ಕಳೆಯುವ ನಿಯಮ ಬರೆದಿದ್ದ. ಸೊನ್ನೆಯಿಂದ ಋಣ ಕಳೆದರೆ ಧನ ಅನ್ನೋದೂ ಅದರಲ್ಲಿ ಇದೆ.

ಗದಗ ಬಿಸಿಲು:
ಲೆಕ್ಕದವರೇ, ಒಂದು ತಕರಾರು. ಸಾಲ ತೀರಬೇಕಾದರೆ ಕೈಯಿಂದ ದುಡ್ಡು ಕೊಡಬೇಕು. ಇಲ್ಲಿ ಪ್ರೋಟಾನ್ ಏನೂ ಹೋಗಲಿಲ್ಲವಲ್ಲ?

ಸೊಸೈಟಿ ಲೆಕ್ಕದವ, ಶಿರಸಿ:
ಸರಿಯಾಗಿ ಹಿಡಿದಿರಿ. ತೀರಲಿಲ್ಲ, ವರ್ಗ ಆಯಿತು. ಸೋಡಿಯಂ ಖಾತೆಯ ಸಾಲ ಕ್ಲೋರಿನ್ ಖಾತೆಗೆ ಹೋಯಿತು. ಎರಡೂ ಖಾತೆ ಒಟ್ಟಿಗೆ ನೋಡಿದರೆ ಮೊದಲೂ ಸೊನ್ನೆ, ಈಗಲೂ ಸೊನ್ನೆ.

ಲ್ಯಾಬ್ ಅಕ್ಕ:
ಆ ಕೊನೆಯ ಸಾಲೇ ಆವೇಶ ಸಂರಕ್ಷಣೆಯ ನಿಯಮ. ಚೆನ್ನಾಗಿ ಬಂತು.

ಯಲ್ಲಮ್ಮನ ಗುಡ್ಡದ ಹತ್ತಿರದವ:
ನಮ್ಮ ಕ್ಲಾಸಿನಲ್ಲಿ ತೊಂದರೆ ಆಗುತ್ತಿದ್ದದ್ದು "ಆವೇಶ" ಅನ್ನೋ ಪದದಿಂದ. ನಮ್ಮ ಕಡೆ ಆವೇಶ ಅಂದರೆ ಮೈಮೇಲೆ ದೇವರು ಬರುವುದು. ಆದ್ದರಿಂದ ಅಯಾನು ಅಂದರೆ ಹೊರಗಿನಿಂದ ಏನೋ ಒಳಗೆ ಹೊಕ್ಕಿದೆ ಅಂತಲೇ ನಾನು ತುಂಬಾ ದಿನ ತಿಳಿದಿದ್ದೆ. ನಮ್ಮ ಅಣ್ಣನ ಹಳೇ ಪುಸ್ತಕದಲ್ಲಿ ವಿದ್ಯುದಂಶ ಅಂತ ಇತ್ತು. ಅದೇ ವಾಸಿ ಅನ್ನಿಸುತ್ತದೆ.

ಕಾಫಿ ತೋಟ:
ಚಾರ್ಜ್ ಅಂದರೆ ಮುಗಿಯಿತು. ಎಲ್ಲರಿಗೂ ಗೊತ್ತು.

ಯಲ್ಲಮ್ಮನ ಗುಡ್ಡದ ಹತ್ತಿರದವ:
ಚಾರ್ಜ್ ಅಂದರೆ ಮಕ್ಕಳು ಫೋನ್ ಚಾರ್ಜ್ ಅಂದುಕೊಳ್ಳುತ್ತಾರೆ. ತುಂಬಿಸುವುದು ಅಂತ. ಮತ್ತೆ ಅದೇ ಗೊಂದಲ.

ಲೈನ್‌ಮನ್ ಅಣ್ಣ:
ಮಗಳ ಪ್ರಶ್ನೆ ತಪ್ಪಲ್ಲ ಮೇಡಂ. ಈ ಉಲ್ಟಾ ಮನುಷ್ಯರೇ ಮಾಡಿದ್ದು. ಬೆಂಜಮಿನ್ ಫ್ರಾಂಕ್ಲಿನ್ 1747ರ ಸುಮಾರಿಗೆ ಈ ಪ್ಲಸ್ ಮೈನಸ್ ಹೆಸರಿಟ್ಟ. ವಿದ್ಯುತ್ತು ಒಂದು ಥರದ ದ್ರವ, ಅದು ಜಾಸ್ತಿ ಇದ್ದ ಕಡೆ ಪ್ಲಸ್, ಕಡಿಮೆ ಇದ್ದ ಕಡೆ ಮೈನಸ್ ಅಂದುಕೊಂಡ. ಉಜ್ಜಿದ ಗಾಜಿನಲ್ಲಿ ಅದು ಜಾಸ್ತಿ ಇದೆ ಅಂತ ಊಹಿಸಿ ಗಾಜಿಗೆ ಪ್ಲಸ್ ಅಂದ. ಆಗ ಎಲೆಕ್ಟ್ರಾನ್ ಅನ್ನೋದು ಯಾರಿಗೂ ಗೊತ್ತಿಲ್ಲ. ಸುಮಾರು 150 ವರ್ಷ ಆದ ಮೇಲೆ, 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗ ಗೊತ್ತಾಯಿತು, ರೇಷ್ಮೆಯಿಂದ ಉಜ್ಜಿದಾಗ ಗಾಜಿನಿಂದ ಎಲೆಕ್ಟ್ರಾನ್ ಹೊರಗೆ ಹೋಗುತ್ತದೆ ಅಂತ. ಫ್ರಾಂಕ್ಲಿನ್ ಇನ್ನೊಂದು ಕಡೆ ಬೆರಳು ತೋರಿಸಿದ್ದರೆ ಎಲೆಕ್ಟ್ರಾನ್ ಪ್ಲಸ್ ಆಗುತ್ತಿತ್ತು, ನಿಮ್ಮ ಮಗಳು ಅಂದುಕೊಂಡ ಹಾಗೇ ಬಂದರೆ ಪ್ಲಸ್, ಹೋದರೆ ಮೈನಸ್ ಆಗುತ್ತಿತ್ತು. ನಮ್ಮ ವೈರಿಂಗ್ ಚಿತ್ರದಲ್ಲೂ ಕರೆಂಟಿನ ಬಾಣ ಒಂದು ಕಡೆ, ಎಲೆಕ್ಟ್ರಾನ್ ಹೋಗುವುದು ಇನ್ನೊಂದು ಕಡೆ. ಐಟಿಐ ಮಾಡುವಾಗ ನನಗೂ ಇದೇ ತಲೆನೋವು.

ಶಿರಾದ ಅಮ್ಮ:
ಇದನ್ನು ಓದಿ ಹೇಳಿದೆ. "ಹಾಗಾದರೆ ನಾನು ಸರಿ" ಅಂತ ಕುಣಿದಳು! ಕಡಲೆ, ಹುಣಸೆ ಬೀಜ ಜೋಡಿಸುತ್ತಾ ಕೂತಿದ್ದಾಳೆ.

ಎಂಎಸ್ಸಿ ಧಾರವಾಡ:
ಒಂದು ಮಾತು ಸೇರಿಸಲೇಬೇಕು. ಪಾಠ ಹೇಳುವಾಗ "ಸೋಡಿಯಂಗೆ ಎಲೆಕ್ಟ್ರಾನ್ ಕೊಟ್ಟುಬಿಡುವ ಆಸೆ, ಕೊಟ್ಟ ಮೇಲೆ ಅದಕ್ಕೆ ನೆಮ್ಮದಿ" ಅಂತ ಹೇಳುತ್ತಾರೆ. ಅದು ಸುಳ್ಳು. ಒಂಟಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಬೇಕಾದರೆ ಶಕ್ತಿ ಹಾಕಬೇಕು, ಒಂದು ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ದೊಡ್ಡ ಎಣಿಕೆ) 496 ಕಿಲೋಜೌಲ್. ಕ್ಲೋರಿನ್ ಪರಮಾಣು ಅದನ್ನು ತೆಗೆದುಕೊಂಡಾಗ ವಾಪಸ್ ಸಿಗುವುದು 349 ಮಾತ್ರ. 147 ಖೋತಾ. ಬರೀ ಕೊಡು-ಕೊಳ್ಳು ಲೆಕ್ಕದಲ್ಲಿ ಉಪ್ಪು ಆಗಲೇಬಾರದು.

ಹಾಸನದ ಮೇಷ್ಟ್ರು:
ಮತ್ತೆ ಉಪ್ಪು ಹೇಗೆ ಆಗುತ್ತದೆ ಅನ್ನೋದನ್ನೂ ಹೇಳಿ, ಅರ್ಧಕ್ಕೆ ಬಿಡಬೇಡಿ.

ಎಂಎಸ್ಸಿ ಧಾರವಾಡ:
ಹೇಳುತ್ತೇನೆ ಸರ್. ಪ್ಲಸ್ ಮೈನಸ್ ಅಯಾನುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು ಹರಳು ಕಟ್ಟಿದಾಗ ಒಂದನ್ನೊಂದು ಎಳೆಯುತ್ತವೆ. ಆಗ ಹೊರಗೆ ಬರುವ ಶಕ್ತಿ ಒಂದು ಮೋಲ್‌ಗೆ ಸುಮಾರು 787 ಕಿಲೋಜೌಲ್. ಅದು ಆ ಖೋತಾವನ್ನು ತುಂಬಿಸಿ ಇನ್ನೂ ಎಷ್ಟೋ ಉಳಿಸುತ್ತದೆ. ಅಂದರೆ ಸೋಡಿಯಂ ತಾನಾಗಿ ಕೊಡುವುದಿಲ್ಲ. ಎಲ್ಲಾ ಸೇರಿ ಹರಳಾಗುವುದರಲ್ಲಿ ಲಾಭ ಇದೆ.

ಹಾಸನದ ಮೇಷ್ಟ್ರು:
ಒಪ್ಪುತ್ತೇನೆ. ಆದರೆ 45 ಮಕ್ಕಳ ಕ್ಲಾಸಿನಲ್ಲಿ 40 ನಿಮಿಷದ ಪಿರಿಯಡ್‌ನಲ್ಲಿ ಇದನ್ನು ಒಂಬತ್ತನೇ ಕ್ಲಾಸಿಗೆ ಹೇಗೆ ಹೇಳಲಿ? ಅಷ್ಟಕ, ಅಂದರೆ ಹೊರ ಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗುವ ನಿಯಮ, ಹೇಳಿದರೆ ಮಕ್ಕಳಿಗೆ ಒಂದು ಹಿಡಿಕೆ ಸಿಗುತ್ತದೆ.

ಎಂಎಸ್ಸಿ ಧಾರವಾಡ:
ಅಷ್ಟಕ ಹೇಳಿ ಸರ್, ಬೇಡ ಅನ್ನುವುದಿಲ್ಲ. "ಆಸೆ", "ನೆಮ್ಮದಿ" ಮಾತ್ರ ಬಿಡಿ. ನನ್ನ ತಂಗಿ "ಸೋಡಿಯಂ ಹೋಗಿ ನಿಯಾನ್ ಆಗುತ್ತದೆ" ಅಂತ ಪರೀಕ್ಷೆಯಲ್ಲೇ ಬರೆದು ಬಂದಿದ್ದಳು. 10 ಎಲೆಕ್ಟ್ರಾನ್ ಆದ ಮಾತ್ರಕ್ಕೆ ನಿಯಾನ್ ಆಗುವುದಿಲ್ಲ, ಪ್ರೋಟಾನ್ ಇನ್ನೂ 11 ಇದೆ. ನೀವು ಹೇಳಿದ ಕಡಲೆಕಾಳಿನ ಲೆಕ್ಕ ಅವಳಿಗೆ ಆಗ ಸಿಕ್ಕಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಗದಗ ಬಿಸಿಲು:
ನನಗೊಂದು ಬೇರೆ ಅನುಮಾನ. ಉಪ್ಪಿನ ಡಬ್ಬಿ ತುಂಬಾ ಪ್ಲಸ್ ಮೈನಸ್ ಅಯಾನುಗಳೇ ಇವೆ ಅಂದಮೇಲೆ ಉಪ್ಪು ಮುಟ್ಟಿದರೆ ಶಾಕ್ ಯಾಕೆ ಹೊಡೆಯುವುದಿಲ್ಲ?

ಲ್ಯಾಬ್ ಅಕ್ಕ:
ಎರಡೂ ಸರಿಸಮ ಇರುವುದರಿಂದ. ಲೆಕ್ಕ ಹಾಕಿದರೆ ಮೈ ಜುಮ್ ಅನ್ನುತ್ತದೆ ನೋಡಿ. ಒಂದು ಎಲೆಕ್ಟ್ರಾನಿನ ಆವೇಶ 1.602 ಗುಣಿಸು 10ರ ಘಾತ ಮೈನಸ್ 19 ಕೂಲಂ. ಕೂಲಂ ಅಂದರೆ ಆವೇಶ ಅಳೆಯುವ ಮಾನ. ತೀರಾ ಚಿಕ್ಕದು. ಆದರೆ ಒಂದು ಗ್ರಾಂ ಉಪ್ಪಿನಲ್ಲಿ ಎಷ್ಟು ಅಯಾನುಗಳಿವೆ ಅಂದರೆ, ಎಲ್ಲಾ ಪ್ಲಸ್ ಕೂಡಿದರೆ ಸುಮಾರು 1650 ಕೂಲಂ, ಎಲ್ಲಾ ಮೈನಸ್ ಕೂಡಿದರೂ ಅಷ್ಟೇ. ಒಂದು ಸಾಮಾನ್ಯ ಸಿಡಿಲಿನಲ್ಲಿ ಹರಿಯುವುದು ಕೆಲವೇ ಹತ್ತು ಕೂಲಂ. ಒಂದು ಚಿಟಿಕೆ ಉಪ್ಪಿನಲ್ಲಿ ಅಷ್ಟೆಲ್ಲಾ ಆವೇಶ ಇದ್ದೂ ಹೊರಗೆ ಗೊತ್ತಾಗುವುದೇ ಇಲ್ಲ, ಒಂದಕ್ಕೊಂದು ಅಷ್ಟು ನಿಖರವಾಗಿ ಸರಿಹೋಗಿದೆ.

ಗದಗ ಬಿಸಿಲು:
ಅಬ್ಬಾ. ಸಾರಿಗೆ ಹಾಕುವ ಉಪ್ಪಿನಲ್ಲಿ ಇಷ್ಟಾ!

ಲೈನ್‌ಮನ್ ಅಣ್ಣ:
ಮಗಳ ಕೈಯಲ್ಲಿ ಒಂದು ಪ್ರಯೋಗ ಮಾಡಿಸಿ ಮೇಡಂ. 9 ವೋಲ್ಟಿನ ಚೌಕ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, ಅದಕ್ಕೊಂದು 470 ಓಮ್ ರೆಸಿಸ್ಟರ್, ಎರಡು ತುಂಡು ವೈರ್. ವೈರಿನ ತುದಿಗಳನ್ನು ಒಣ ಉಪ್ಪಿಗೆ ಚುಚ್ಚಿದರೆ ಎಲ್‌ಇಡಿ ಹತ್ತುವುದಿಲ್ಲ. ಅಯಾನುಗಳು ಇವೆ, ಆದರೆ ಹರಳಿನಲ್ಲಿ ಸಿಕ್ಕಿಕೊಂಡಿವೆ, ಅಲ್ಲಾಡಲು ಆಗುವುದಿಲ್ಲ. ಎರಡು ಚಮಚ ನೀರು ಹಾಕಿ, ಹತ್ತುತ್ತದೆ. ಬ್ಯಾಟರಿಯಲ್ಲಿ ಮಾತ್ರ ಮಾಡಿ, ಗೋಡೆಯ ಪ್ಲಗ್ಗಿನ ಹತ್ತಿರ ಯಾವತ್ತೂ ಹೋಗಬೇಡಿ. ಕಿಟಕಿ ತೆಗೆದಿಟ್ಟು ಮಾಡಿ, ತುಸು ಕ್ಲೋರಿನ್ ವಾಸನೆ ಬರಬಹುದು.

ಮಕ್ಕಳ ವಿಜ್ಞಾನ ಮನೆ:
ಅಯಾನು ಅನ್ನೋ ಹೆಸರೂ ಇದೇ ಥರದ ಕೆಲಸದಿಂದ ಬಂದದ್ದು. ದ್ರಾವಣದಲ್ಲಿ ಕರೆಂಟ್ ಹರಿಸುವಾಗ ಯಾವುದೋ ಕಣಗಳು ಆ ಕಡೆ ಈ ಕಡೆ ಹೋಗುತ್ತಿವೆ ಅಂತ ಮೈಕೇಲ್ ಫ್ಯಾರಡೆ ಕಂಡ. ಗ್ರೀಕಿನಲ್ಲಿ ಅದಕ್ಕೆ "ಹೋಗುವುದು" ಅಂತ ಅರ್ಥ. 1834ರಲ್ಲಿ ಆ ಪದ ಬಳಕೆಗೆ ತಂದ. ಆದರೆ ಕರೆಂಟ್ ಇಲ್ಲದಿದ್ದರೂ ಉಪ್ಪು ನೀರಿನಲ್ಲಿ ತಾನಾಗಿ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಅಂತ ಹೇಳಿದ್ದು ಸ್ವೀಡನ್ನಿನ ಅರೇನಿಯಸ್, 1884ರ ತನ್ನ ಪ್ರಬಂಧದಲ್ಲಿ ಶುರುಮಾಡಿದ ವಿಚಾರ ಅದು. ಆ ಪ್ರಬಂಧಕ್ಕೆ ಪರೀಕ್ಷಕರು ಕಡಿಮೆ ದರ್ಜೆ ಕೊಟ್ಟರು. 1903ರಲ್ಲಿ ನೊಬೆಲ್ ಬಂತು. ಉಲ್ಟಾ ಪ್ರಶ್ನೆ ಕೇಳುವ ಮಕ್ಕಳಿಗೆ ಈ ಕಥೆ ಹೇಳಬೇಕು.

ಶಿರಾದ ಅಮ್ಮ:
ಪ್ರಯೋಗ ಮಾಡಿದೆವು. ಒಣ ಉಪ್ಪಿಗೆ ಹತ್ತಲಿಲ್ಲ, ನೀರು ಹಾಕಿದ ಕೂಡಲೇ ಹತ್ತಿತು, ಒಂದು ವೈರಿನ ತುದಿಯಲ್ಲಿ ಸಣ್ಣ ಗುಳ್ಳೆ ಬಂತು. ಆದರೆ ಒಂದು ಸಮಸ್ಯೆ. ಸಕ್ಕರೆ ನೀರಿನಲ್ಲಿ ಹತ್ತಬಾರದು ಅಂತ ಪುಸ್ತಕದಲ್ಲಿ ಇದೆ. ಇಲ್ಲಿ ಸಕ್ಕರೆ ನೀರಿನಲ್ಲೂ ಮಂಕಾಗಿ ಹತ್ತಿತು! ಪುಸ್ತಕ ತಪ್ಪಾ?

ಲೈನ್‌ಮನ್ ಅಣ್ಣ:
ನೀರು ಯಾವುದು? ಬೋರ್‌ವೆಲ್ಲಾ?

ಶಿರಾದ ಅಮ್ಮ:
ಹೌದು, ಬೋರ್‌ವೆಲ್.

ಲೈನ್‌ಮನ್ ಅಣ್ಣ:
ಹಾಗಾದರೆ ಸಕ್ಕರೆ ಹಾಕುವ ಮುಂಚೆಯೂ ಹತ್ತುತ್ತಿತ್ತು. ಬರೀ ನೀರಿಗೆ ಇಟ್ಟು ನೋಡಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಅಯಾನುಗಳು ಬೇಕಾದಷ್ಟು ಇರುತ್ತವೆ. ಆರ್‌ಒ ನೀರಿನಲ್ಲಿ ಸಕ್ಕರೆ ಕರಗಿಸಿ ಮಾಡಿ.

ಶಿರಾದ ಅಮ್ಮ:
ಪಕ್ಕದ ಮನೆಯಿಂದ ಆರ್‌ಒ ನೀರು ತಂದು ಮಾಡಿದೆವು. ಲೈಟ್ ಆರಿಸಿ ಕಣ್ಣಿಟ್ಟು ನೋಡಿದರೆ ತುಸು ಮಿಣುಕು, ಅಷ್ಟೇ. ಬರೀ ಬೋರ್‌ವೆಲ್ ನೀರಿಗೆ ಚೆನ್ನಾಗಿಯೇ ಹತ್ತಿತು. ನಾವು ದಿನಾ ಕುಡಿಯುವುದು ಇದನ್ನೇ ಅಲ್ವಾ ಅಂತ ಈಗ ಯೋಚನೆ ಆಗಿದೆ.

ನೀರಿನ ಕೆಲಸದವ, ಬೆಂಗಳೂರು:
ಅಕ್ಕ, ಅಯಾನು ಇದ್ದ ಮಾತ್ರಕ್ಕೆ ನೀರು ಕೆಟ್ಟದ್ದಲ್ಲ. ಯಾವ ಅಯಾನು, ಎಷ್ಟು ಅನ್ನೋದು ಮುಖ್ಯ. ನಾನು ಅಪಾರ್ಟ್‌ಮೆಂಟ್‌ಗಳಲ್ಲಿ ಸಾಫ್ಟನರ್, ಅಂದರೆ ಗಡಸು ನೀರನ್ನು ಮೆದು ಮಾಡುವ ಮಿಷನ್, ರಿಪೇರಿ ಮಾಡುತ್ತೇನೆ, ಆವೇಶದ ಲೆಕ್ಕ ಅಲ್ಲಿ ದಿನಾ ಬರುತ್ತದೆ. ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವುದು ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಎರಡಕ್ಕೂ ಪ್ಲಸ್ 2. ಸಾಫ್ಟನರ್ ಸಿಲಿಂಡರಿನಲ್ಲಿ ಸಾಸಿವೆ ಥರ ಸಣ್ಣ ಸಣ್ಣ ರೆಸಿನ್ ಕಾಳು ಇರುತ್ತದೆ, ಅದರ ಮೈಗೆ ಸೋಡಿಯಂ ಅಂಟಿರುತ್ತದೆ. ಒಂದು ಕ್ಯಾಲ್ಸಿಯಂ ಹಿಡಿದುಕೊಳ್ಳಬೇಕಾದರೆ ಎರಡು ಸೋಡಿಯಂ ಬಿಡಲೇಬೇಕು. ಒಂದು ಬಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಸೋಡಿಯಂ ಎಲ್ಲಾ ಖಾಲಿಯಾದಾಗ ಉಪ್ಪು ನೀರು ಹಾಯಿಸಿ ಮತ್ತೆ ತುಂಬಿಸುತ್ತೇವೆ.

ವೈಟ್‌ಫೀಲ್ಡ್ ಮೂರನೇ ಮಹಡಿ:
ಅಣ್ಣ, ನಮ್ಮಲ್ಲಿ ಸಾಫ್ಟನರ್ ಹಾಕಿಸಿದ ಮೇಲೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಮೀಟರ್ ಇಟ್ಟು ನೋಡಿದೆ. ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಹಾಕಿದವರನ್ನು ಕೇಳಿದರೆ ಸರಿಯಾಗಿ ಉತ್ತರ ಕೊಡಲಿಲ್ಲ. ಮೋಸ ಹೋದೆವಾ?

ನೀರಿನ ಕೆಲಸದವ, ಬೆಂಗಳೂರು:
ಇಲ್ಲ ಸರ್, ಮಿಷನ್ ಸರಿ ಇದ್ದರೂ ಹಾಗೇ ತೋರಿಸುತ್ತದೆ. ಸಾಫ್ಟನರ್ ಟಿಡಿಎಸ್ ಇಳಿಸುವುದಿಲ್ಲ, ಬದಲಿ ಮಾಡುತ್ತದೆ ಅಷ್ಟೇ. ತೂಕದ ಲೆಕ್ಕ ನೋಡಿ, ಒಂದು ಕ್ಯಾಲ್ಸಿಯಂ 40, ಅದರ ಬದಲಿಗೆ ಬರುವ ಎರಡು ಸೋಡಿಯಂ 23 ಮತ್ತು 23, ಒಟ್ಟು 46. ಕರಗಿದ್ದು ಒಂದು ಚೂರು ಜಾಸ್ತಿಯೇ ಆಗುತ್ತದೆ. ಮೀಟರ್ ನಿಜವಾಗಿ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನೋದನ್ನು. ಅಕ್ಕನ ಮಗಳ ಎಲ್‌ಇಡಿ ಮಾಡಿದ್ದೂ ಅದನ್ನೇ. ಯಾವ ಅಯಾನು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನೀವು ಗಡಸುತನದ ಕಿಟ್ ತಗೊಂಡು ಪರೀಕ್ಷೆ ಮಾಡಿ. ಸೋಪು ನೊರೆ ಚೆನ್ನಾಗಿ ಬರುತ್ತಿದ್ದರೆ ಮಿಷನ್ ಕೆಲಸ ಮಾಡುತ್ತಿದೆ.

ವೈಟ್‌ಫೀಲ್ಡ್ ಮೂರನೇ ಮಹಡಿ:
ನೊರೆ ಚೆನ್ನಾಗಿ ಬರುತ್ತಿದೆ. ಸುಮ್ನೆ ಅವರ ಜೊತೆ ಜಗಳ ಆಡಿದೆ.

ಪಾವಗಡ ಸೀಮೆ:
ನೀರಿನ ಮಾತು ಬಂದದ್ದರಿಂದ ನಾನೂ ಹೇಳಬೇಕು. ಟಿಡಿಎಸ್ ಕಡಿಮೆ ಇದೆ ಅಂತ ನಂಬಿ ಕೂರಬೇಡಿ. ನಮ್ಮ ಕಡೆ ತೊಂದರೆ ಕೊಟ್ಟದ್ದು ಫ್ಲೋರೈಡ್. 9 ಪ್ರೋಟಾನ್, 10 ಎಲೆಕ್ಟ್ರಾನ್, ಮೈನಸ್ 1. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಆಗಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲು ಕಂದು ಪಟ್ಟೆಯಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ನನ್ನ ಚಿಕ್ಕಪ್ಪನಿಗೆ ಕುತ್ತಿಗೆ ತಿರುಗಿಸಲು ಆಗುವುದಿಲ್ಲ, ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾನೆ. ಕಾಯಿಸಿ ಕುಡಿದರೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿದು ಇನ್ನೂ ಜಾಸ್ತಿಯೇ ಆಗುತ್ತದೆ. ಶಿರಾದ ಅಕ್ಕ, ನಿಮ್ಮದೂ ನಮ್ಮ ತುಮಕೂರು ಜಿಲ್ಲೆಯೇ. ಒಮ್ಮೆ ನೀರು ಪರೀಕ್ಷೆ ಮಾಡಿಸಿ.

ಕಾಫಿ ತೋಟ:
ಟೂತ್‌ಪೇಸ್ಟಿನಲ್ಲಿ ಫ್ಲೋರಿನ್ ಹಾಕುತ್ತಾರಲ್ಲ, ಅದು ಮತ್ತೆ ಒಳ್ಳೆಯದು ಅನ್ನುತ್ತಾರೆ?

ಲ್ಯಾಬ್ ಅಕ್ಕ:
ಫ್ಲೋರಿನ್ ಅಲ್ಲ, ಫ್ಲೋರೈಡ್. ಫ್ಲೋರಿನ್ ಅನಿಲ ಸಿಕ್ಕಿದ್ದನ್ನೆಲ್ಲಾ ಸುಡುವಂಥದ್ದು. ಒಂದು ಎಲೆಕ್ಟ್ರಾನ್ ಸೇರಿ ಫ್ಲೋರೈಡ್ ಆದ ಮೇಲೆ ಅದರ ಗುಣವೇ ಬೇರೆ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಬೆಂಕಿ ಹತ್ತುತ್ತದೆ, ಸೋಡಿಯಂ ಅಯಾನು ನಮ್ಮ ರಕ್ತದಲ್ಲೇ ಇದೆ. ಪೇಸ್ಟ್ ಉಗುಳುತ್ತೇವೆ, ನೀರು ಕುಡಿಯುತ್ತೇವೆ. ಪ್ರಮಾಣದ ವ್ಯತ್ಯಾಸ.

ರಾಯಚೂರು ಸಿಸ್ಟರ್:
ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು. ಮಗಳಿಗೆ ಇನ್ನೊಂದು ಲೆಕ್ಕ ಕೊಡಿ ಅಕ್ಕ. ವಾಂತಿ ಭೇದಿಗೆ ಕೊಡುವ ಓಆರ್‌ಎಸ್ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10, ಗ್ಲೂಕೋಸ್ 75. ಎಲ್ಲಾ ಮಿಲಿಮೋಲ್ ಲೆಕ್ಕ. ಪ್ಲಸ್ ಕೂಡಿಸಲಿ, ಮೈನಸ್ ಕೂಡಿಸಲಿ.

ಶಿರಾದ ಅಮ್ಮ:
ಕೂಡಿಸಿದಳು. ಪ್ಲಸ್ 75 ಮತ್ತು 20, ಒಟ್ಟು 95. ಮೈನಸ್ 65 ಮತ್ತು 10, ಒಟ್ಟು 75. 20 ಕಡಿಮೆ ಬರುತ್ತಿದೆಯಲ್ಲ ಸಿಸ್ಟರ್? ಗ್ಲೂಕೋಸ್ ಎಲ್ಲಿ ಹಾಕಬೇಕು ಅಂತ ಕೇಳುತ್ತಿದ್ದಾಳೆ.

ರಾಯಚೂರು ಸಿಸ್ಟರ್:
ಗ್ಲೂಕೋಸ್‌ಗೆ ಆವೇಶ ಇಲ್ಲ, ಅದನ್ನು ಬಿಡಲಿ. ನಿಮ್ಮ ಸಕ್ಕರೆ ನೀರಿನ ಹಾಗೇ ಅದು. ಸಿಟ್ರೇಟ್‌ಗೆ ಮೈನಸ್ 1 ಅಲ್ಲ, ಮೈನಸ್ 3.

ಶಿರಾದ ಅಮ್ಮ:
ಹಾಗಾದರೆ 30, ಅದಕ್ಕೆ 65 ಸೇರಿ 95. ಸರಿಹೋಯಿತು!! ಮೆಡಿಕಲ್ ಶಾಪಿನ ಪ್ಯಾಕೆಟ್ಟಿನಲ್ಲೂ ಇಷ್ಟು ಲೆಕ್ಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಡಿಪೋ ಹುಡುಗ:
ಸಿಟ್ರೇಟ್ ಅಂದರೆ ಒಂದು ಪರಮಾಣು ಅಲ್ಲವಲ್ಲ, ಗುಂಪು. ಗುಂಪಿಗೆ ಆವೇಶ ಲೆಕ್ಕ ಹಾಕುವುದು ಹೇಗೆ?

ಹಾಸನದ ಮೇಷ್ಟ್ರು:
ಅದೇ ಕಡಲೆ, ಅದೇ ಬೀಜ. ಗುಂಪಿನ ಪ್ರೋಟಾನ್ ಎಲ್ಲಾ ಕೂಡಿ, ಎಲೆಕ್ಟ್ರಾನ್ ಎಲ್ಲಾ ಕೂಡಿ. ಅಮೋನಿಯಂ ನೋಡಿ. ಒಂದು ನೈಟ್ರೋಜನ್‌ಗೆ 7 ಪ್ರೋಟಾನ್, ನಾಲ್ಕು ಹೈಡ್ರೋಜನ್‌ಗೆ 4, ಒಟ್ಟು 11. ಎಲೆಕ್ಟ್ರಾನ್ 10. ಹಾಗಾಗಿ ಪ್ಲಸ್ 1. ಆ ಒಂಟಿ ಪ್ಲಸ್ ಯಾವ ಪರಮಾಣುವಿನದು ಅಂತ ಬೆರಳು ತೋರಿಸಲು ಆಗುವುದಿಲ್ಲ, ಇಡೀ ಗುಂಪಿನದು.

ಶಿರಾದ ಅಮ್ಮ:
ಮೇಷ್ಟ್ರೇ, "ಸೋಡಿಯಂ ಅಯಾನಿನಲ್ಲೂ 11 ಮತ್ತು 10, ಅಮೋನಿಯಂನಲ್ಲೂ 11 ಮತ್ತು 10, ಎರಡೂ ಒಂದೇನಾ?" ಅಂತ ಮಗಳು ಕೇಳುತ್ತಿದ್ದಾಳೆ.

ಹಾಸನದ ಮೇಷ್ಟ್ರು:
ಭೇಷ್! 30 ವರ್ಷ ಪಾಠ ಮಾಡಿದ್ದೇನೆ, ಇದನ್ನು ಯಾವ ಮಗುವೂ ಕೇಳಿರಲಿಲ್ಲ. ಒಂದೇ ಅಲ್ಲ. ಸೋಡಿಯಂನಲ್ಲಿ 11 ಕಡಲೆ ಒಂದೇ ಬಟ್ಟಲಿನಲ್ಲಿ, ಅಮೋನಿಯಂನಲ್ಲಿ ಐದು ಬಟ್ಟಲಿನಲ್ಲಿ. ಆವೇಶ ಒಂದೇ, ಸ್ವಭಾವ ಬೇರೆ. ಈಗ ಅವಳು ಸಲ್ಫೇಟ್ ಜೋಡಿಸಲಿ. ಒಂದು ಸಲ್ಫರ್ 16, ನಾಲ್ಕು ಆಕ್ಸಿಜನ್ ತಲಾ 8, ಆವೇಶ ಮೈನಸ್ 2. ಎಲೆಕ್ಟ್ರಾನ್ ಎಷ್ಟು ಅಂತ ನಾನು ಹೇಳುವುದಿಲ್ಲ.

ಶಿರಾದ ಅಮ್ಮ:
48 ಕಡಲೆ, 50 ಬೀಜ ಅಂದಳು ಮೇಷ್ಟ್ರೇ. ಐದು ಬಟ್ಟಲು ಇಟ್ಟುಕೊಂಡು ಕೂತಿದ್ದಾಳೆ. ಮನೆಯಲ್ಲಿ ಇರುವುದು 38 ಹುಣಸೆ ಬೀಜ, ಉಳಿದ 12ಕ್ಕೆ ಅಜ್ಜಿ ಹಣ್ಣು ಬಿಡಿಸಿ ಕೊಡುತ್ತಿದ್ದಾರೆ. ಪಾವಗಡದ ಅಣ್ಣ, ನೀರು ಪರೀಕ್ಷೆಗೆ ಕೊಡಲು ಬಾಟಲಿ ತೊಳೆದಿಟ್ಟಿದ್ದೇನೆ. ನಾಳೆ ಕೊಟ್ಟು ಬಂದು ಏನು ಬಂತು ಅಂತ ಹಾಕುತ್ತೇನೆ.